ಹುಲ್ಲಿಗೆ ಕಾವಲುಂಟು, ಅಲೆಗೆ ಕಾವಲುಂಟೆ?

ದೊಡ್ಡಬೆಳವಂಗಲದ ಬಸ್ ನಿಲ್ದಾಣದಲ್ಲಿ ಹಿಂದೆಲ್ಲ ಮೂರೇ ಮಾತು. ಮಳೆ ಬಂತಾ, ರಾಗಿ ಏನಾಯ್ತು, ಹಾಲಿನ ಬಟವಾಡೆ ಯಾವಾಗ. ಈಗ ನಾಲ್ಕನೇದೊಂದು ಸೇರಿಕೊಂಡಿದೆ. ದಸರಾ ರಜವೋ ಕ್ರಿಸ್‌ಮಸ್ ರಜವೋ ಹತ್ತಿರ ಬಂತೆಂದರೆ ಸಾಕು, ‘ಈ ಸಲ ಎಲ್ಲಿಗಣ್ಣ ಪ್ರಯಾಣ?’ ಎಂಬ ಪ್ರಶ್ನೆ. ‘ಸಮುದ್ರದ ಕಡೆಗೆ ಕಣಪ್ಪ. ಹುಡುಗ ಮೊಬೈಲಲ್ಲಿ ರಿಸಾರ್ಟ್ ನೋಡವ್ನೆ. ಗಾಲ್ಫೂ ಐತಂತೆ’ ಎಂಬ ಉತ್ತರ. ಗಾಲ್ಫ್ ಎಂದರೇನು ಅಂತ ಕೇಳಿದೋನಿಗೂ ಗೊತ್ತಿಲ್ಲ, ಹೇಳಿದೋನಿಗೂ ಗೊತ್ತಿಲ್ಲ. ಆದರೂ ಆ ಒಂದು ಮಾತಿನಿಂದ ಪ್ರಯಾಣಕ್ಕೆ ತೂಕ ಬಂತು.

‘ಹೊಲ ಉಳೋರಿಗೆ, ಅಂಗಡಿ ನಡೆಸೋರಿಗೆ, ಮಗ್ಗ ಓಡಿಸೋರಿಗೆ ಬೀಚ್ ಯಾಕೆ?’ ಎಂದು ಮೂಗು ಮುರಿಯುವವರಿದ್ದಾರೆ. ಅವರ ಮಾತು ತಳ್ಳಿಹಾಕಿ. ಮುನ್ನೂರ ಅರವತ್ತೈದು ದಿನ ಬೆಳಗಿನ ಆರಕ್ಕೆ ಬಾಗಿಲು ತೆಗೆದು ರಾತ್ರಿ ಹತ್ತಕ್ಕೆ ಹಾಕುವ ಕಿರಾಣಿ ಅಂಗಡಿಯವನಿಗೆ ಮೂರು ದಿನದ ರಜ ಬೇಡವೇ? ದೊಡ್ಡಬಳ್ಳಾಪುರದ ಪವರ್‌ಲೂಮಿನ ಸದ್ದು ಕೇಳಿ ಕೇಳಿ ಕಿವಿ ಮಂದವಾದ ನೇಕಾರ ಒಂದು ದಿನ ಅಲೆಯ ಸದ್ದು ಕೇಳಬಾರದೇ? ದೇಶ ಸುತ್ತು, ಕೋಶ ಓದು ಎಂಬ ಗಾದೆ ಬರೀ ಶ್ರೀಮಂತರಿಗಾಗಿ ಹುಟ್ಟಿದ್ದಲ್ಲ.

ಹೋಗಲಿ, ಧಾರಾಳವಾಗಿ ಹೋಗಲಿ. ಆದರೆ ಹೋಗುವ ಮುಂಚೆ ಕೇಳುವ ಪ್ರಶ್ನೆಗಳು ತಲೆಕೆಳಗಾಗಿವೆ. ಎಷ್ಟು ಸ್ಟಾರು, ಸ್ವಿಮ್ಮಿಂಗ್ ಪೂಲ್ ಇದೆಯಾ, ಗಾಲ್ಫ್ ಇದೆಯಾ ಎಂದು ಕೇಳುವವರೇ ಎಲ್ಲ. ಆ ಸಮುದ್ರದ ದಡದಲ್ಲಿ ಜೀವ ಕಾಯುವವನು ಒಬ್ಬನಿದ್ದಾನಾ ಎಂದು ಕೇಳಿದವರು ಎಷ್ಟು ಮಂದಿ?

ದೇವರ ದರ್ಶನದಿಂದ ಬೀಚ್ ದರ್ಶನಕ್ಕೆ

ಈ ಕಡೆಯವರಿಗೆ ಕಡಲು ಹೊಸದೇನಲ್ಲ. ಅಪ್ಪ ತಾತಂದಿರ ಕಾಲದಲ್ಲೂ ಹೋಗುತ್ತಿದ್ದರು. ಧರ್ಮಸ್ಥಳ, ಕುಕ್ಕೆ ಸುಬ್ರಹ್ಮಣ್ಯ, ಉಡುಪಿ, ಕೊಲ್ಲೂರು. ಘಾಟಿ ಸುಬ್ರಹ್ಮಣ್ಯ ಮನೆ ಬಾಗಿಲಲ್ಲೇ ಇದ್ದರೂ ಕುಕ್ಕೆಗೊಂದು ಹರಕೆ ಇದ್ದೇ ಇರುತ್ತಿತ್ತು. ಉಡುಪಿಯಲ್ಲಿ ಕೃಷ್ಣನ ದರ್ಶನವಾಗಿ, ಊಟವಾಗಿ, ವ್ಯಾನಿನ ಡ್ರೈವರ್ ಒಪ್ಪಿದರೆ ಮಲ್ಪೆಗೆ ಅರ್ಧ ಗಂಟೆ. ಹೆಂಗಸರು ಸೀರೆಯ ನೆರಿಗೆ ಎತ್ತಿ ಹಿಡಿದು ಪಾದ ಒದ್ದೆ ಮಾಡಿಕೊಂಡು, ಒಂದು ಬಾಟಲಿಗೆ ಉಪ್ಪುನೀರು ತುಂಬಿಕೊಂಡು ವಾಪಸ್ ಬರುತ್ತಿದ್ದರು. ದೇವರು ಮುಖ್ಯ, ಸಮುದ್ರ ಕೊಸರು.

ಈಗ ಸಮುದ್ರವೇ ಮುಖ್ಯ, ದೇವರು ದಾರಿಯಲ್ಲಿ ಸಿಕ್ಕರೆ ಸಿಗಲಿ. ಇದರಲ್ಲಿ ತಪ್ಪೇನಿಲ್ಲ. ಆದರೆ ಅರ್ಧ ಗಂಟೆ ಪಾದ ನೆನೆಸುವುದಕ್ಕೂ ಎರಡು ದಿನ ಮಕ್ಕಳ ಸಮೇತ ನೀರಿನಲ್ಲಿ ಇರುವುದಕ್ಕೂ ವ್ಯತ್ಯಾಸ ಇದೆ. ‘ಊರಿಗೆ ಬಂದವಳು ನೀರಿಗೆ ಬಾರದೆ ಇರುವಳೇ?’ ಎನ್ನುತ್ತಾರಲ್ಲ, ಕಡಲೂರಿಗೆ ಹೋದ ಸಂಸಾರ ನೀರಿಗೆ ಇಳಿದೇ ಇಳಿಯುತ್ತದೆ. ಕೇಳಬೇಕಾದ್ದು ಎಲ್ಲಿ ಇಳಿಯುತ್ತದೆ, ಯಾವಾಗ ಇಳಿಯುತ್ತದೆ, ಪಕ್ಕದಲ್ಲಿ ಯಾರಿರುತ್ತಾರೆ ಎಂದು.

ಗಾಲ್ಫ್ ಯಾರಿಗೆ?

ಮೊದಲು ಈ ಗಾಲ್ಫ್ ಪುರಾಣ ಮುಗಿಸೋಣ. ಒಂದು ಚಿಕ್ಕ ಬಿಳಿ ಚೆಂಡು, ಒಂದು ಕೋಲು, ದೂರದಲ್ಲೊಂದು ಗುಳಿ. ಚೆಂಡನ್ನು ಹೊಡೆದು ಹೊಡೆದು ಗುಳಿಗೆ ಬೀಳಿಸಬೇಕು. ಪೂರ್ತಿ ಮೈದಾನದಲ್ಲಿ 18 ಗುಳಿ. ಒಬ್ಬ ಆಟಗಾರ 14ರವರೆಗೆ ಕೋಲು ಒಯ್ಯಬಹುದು. ಒಂದು ಸುತ್ತು ಮುಗಿಸಲು ನಾಲ್ಕು ಗಂಟೆ ಹಿಡಿಯುತ್ತದೆ. ಚಿನ್ನಿದಾಂಡಿಗೆ ಗುಳಿ ತೋಡಿದವರಿಗೆ ಅರ್ಥವಾಗದ ಆಟವೇನಲ್ಲ. ಚಿನ್ನಿದಾಂಡಿಗೆ ಬಯಲಿನ ಒಂದು ಮೂಲೆ ಸಾಕು, ಇದಕ್ಕೆ ನೂರು ಎಕರೆಗೂ ಮಿಕ್ಕಿ ಬೇಕಾಗುತ್ತದೆ. ವ್ಯತ್ಯಾಸ ಅಷ್ಟೇ.

ಇದು ಹುಟ್ಟಿದ್ದು ಸ್ಕಾಟ್ಲೆಂಡಿನ ಕಡಲ ದಂಡೆಯಲ್ಲಿ. ಬೇಸಾಯಕ್ಕೆ ಬಾರದ ಮರಳು ದಿಬ್ಬ, ಅದರ ಮೇಲೆ ತಾನಾಗಿ ಬೆಳೆದ ಹುಲ್ಲು, ಮೇಯುವ ಕುರಿ. ವರ್ಷವಿಡೀ ಜಿನುಗುವ ಮಳೆಯೇ ಆ ಹುಲ್ಲಿಗೆ ನೀರು. ಹುಡುಗರು ಬಿಲ್ಲುವಿದ್ಯೆ ಬಿಟ್ಟು ಇದರ ಹಿಂದೆ ಬಿದ್ದರೆಂದು 1457ರಲ್ಲಿ ಅಲ್ಲಿನ ದೊರೆ ಎರಡನೇ ಜೇಮ್ಸನ ಕಾಲದಲ್ಲಿ ಆಟವನ್ನೇ ನಿಷೇಧಿಸಿದ್ದೂ ಉಂಟು. ಬ್ರಿಟಿಷರ ಜೊತೆ ಅದು ಇಲ್ಲಿಗೂ ಬಂತು. 1829ರಲ್ಲಿ ಕಲ್ಕತ್ತೆಗೆ, 1876ರಲ್ಲಿ ಬೆಂಗಳೂರಿಗೆ.

ಸ್ಕಾಟ್ಲೆಂಡಿನಲ್ಲಿ ಬಡ ಮರಳಿನ ಮೇಲೆ ಪುಕ್ಕಟೆ ಬೆಳೆದ ಹುಲ್ಲನ್ನು ಇಲ್ಲಿ ದುಡ್ಡು ಕೊಟ್ಟು ಬೆಳೆಸಬೇಕು. ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವುದೇನೋ ನಿಜ. ದೊಡ್ಡಬಳ್ಳಾಪುರದ ಕಡೆ ಬೀಳುವುದಕ್ಕೆ ಮೂರು ನಾಲ್ಕು ಪಟ್ಟು. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದು ಸಮುದ್ರ ಸೇರುತ್ತದೆ. ಜನವರಿಯಿಂದ ಮೇವರೆಗೆ ಒಣಗು. 2019ರಲ್ಲಿ, ಮತ್ತೆ 2023ರಲ್ಲಿ ಬೇಸಿಗೆಯ ಕೊನೆಗೆ ಮಂಗಳೂರು ನಗರಕ್ಕೇ ಕುಡಿಯುವ ನೀರನ್ನು ಸರದಿ ಮೇಲೆ ಬಿಡಬೇಕಾಯಿತು. ಅಂಥ ಬೇಸಿಗೆಯಲ್ಲೂ ಹುಲ್ಲು ಹಸಿರಾಗಿರಬೇಕು ಎಂದರೆ ಬಾವಿಯೋ ಬೋರ್‌ವೆಲ್ಲೋ ಬತ್ತಲೇಬೇಕು. ಸಾವಿರ ಅಡಿ ಕೊರೆಸಿ ಧೂಳು ಕಂಡ ತಾಲ್ಲೂಕಿನವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಮಾತು. ಗಾಲ್ಫ್ ನೋಡಬೇಕು ಎನ್ನುವವರು ಘಾಟಿ ಇಳಿಯುವ ಅಗತ್ಯವೂ ಇಲ್ಲ. ಅರ್ಕಾವತಿ ಹುಟ್ಟುವ ನಂದಿ ಬೆಟ್ಟದ ತಪ್ಪಲಲ್ಲೇ, ದೇವನಹಳ್ಳಿ ತಾಲ್ಲೂಕಿನಲ್ಲಿ 18 ಗುಳಿಯ ಮೈದಾನ ಬಂದಿದೆ. ಬೆಂಗಳೂರಿನ ಚಲ್ಲಘಟ್ಟ ಕೆರೆಯ ಅಂಗಳದಲ್ಲಿ ಎಷ್ಟೋ ವರ್ಷದಿಂದ ಗಾಲ್ಫ್ ನಡೆಯುತ್ತಿದೆ. ಕೆರೆಯ ಹೆಸರು ಉಳಿಯಿತು, ನೀರಿನ ಜಾಗಕ್ಕೆ ಹುಲ್ಲು ಬಂತು. ಕರಾವಳಿಯಲ್ಲೂ ಮಂಗಳೂರು ಬಳಿಯ ಪಿಲಿಕುಳದಲ್ಲಿ ಮೈದಾನವಿದೆ, ಅದು ಸಮುದ್ರದ ದಂಡೆಯಲ್ಲಿಲ್ಲ, ಊರ ಒಳಗಡೆ ಇದೆ. ಬೀಚೂ ಗಾಲ್ಫೂ ಒಂದೇ ಅಂಗಳದಲ್ಲಿ ಬೇಕು ಅಂದರೆ ಸಾಮಾನ್ಯವಾಗಿ ಗೋವಾ ಕಡೆಯ ದೊಡ್ಡ ಹೋಟೆಲುಗಳ ಜಾಹೀರಾತು ಮುಂದೆ ಬರುತ್ತದೆ.

ಈಗ ಲೆಕ್ಕ ಹಾಕಿ. ಅಜ್ಜಿ, ಗಂಡ ಹೆಂಡತಿ, ಇಬ್ಬರು ಮಕ್ಕಳ ಸಂಸಾರ. ಒಂದು ಕೋಣೆಗೆ ದಿನಕ್ಕೆ 10 ಸಾವಿರ ಎಂದಿಟ್ಟುಕೊಳ್ಳಿ. ಎರಡು ಕೋಣೆ, ಎರಡು ರಾತ್ರಿ, 40 ಸಾವಿರ. ದಿನದ ಬಾಡಿಗೆ 7,500 ರೂಪಾಯಿ ದಾಟಿದ ಕೋಣೆಗೆ ನೂರಕ್ಕೆ 18 ಜಿಎಸ್‌ಟಿ. ಅದೇ 7,200. ಊಟಕ್ಕೆ ಮುಂಚೆ, ಬಸ್‌ಚಾರ್ಜಿಗೆ ಮುಂಚೆ, ಒಂದು ಎಳನೀರು ಕುಡಿಯುವ ಮುಂಚೆ 47,200 ರೂಪಾಯಿ ಕೈಬಿಟ್ಟಿತು. ಆಟ ಆಡಬೇಕೆಂದರೆ ಮೈದಾನದ ಶುಲ್ಕ, ಕೋಲಿನ ಬಾಡಿಗೆ, ಕಲಿಸುವವನ ಸಂಬಳ ಬೇರೆ. ಎರಡು ದಿನದಲ್ಲಿ ಕಲಿಯುವ ಆಟ ಅದಲ್ಲ. ಅಂದರೆ ಆಡದ ಆಟದ ಹುಲ್ಲಿಗೆ ಇಲ್ಲಿನ ಅಂಗಡಿಯವನು ನೀರುಣಿಸಿ ಬಂದಂತಾಯಿತು. ಆ ದುಡ್ಡಿನಲ್ಲಿ ಅಂಗಡಿಗೆ ಸಂಕ್ರಾಂತಿಯ ಸರಕು ಬರುತ್ತಿತ್ತು.

ಇದ್ದವರು ಖರ್ಚು ಮಾಡಲಿ, ಅವರ ದುಡ್ಡು ಅವರ ಇಷ್ಟ. ಆದರೆ ಚೀಟಿ ಎತ್ತಿ, ಒಡವೆ ಅಡವಿಟ್ಟು, ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಿಗುವ ಸಾಲ ತಗೊಂಡು ಹೋಗುವವರೂ ಇದ್ದಾರೆ. ಮೂರು ದಿನದ ಮೋಜಿಗೆ ಮೂವತ್ತು ತಿಂಗಳ ಕಂತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರಿಗೆ ರಿಸಾರ್ಟಿನ ಹಾಸಿಗೆ ಗೊತ್ತಿರಲಿಲ್ಲ, ಕಾಲು ಮಾತ್ರ ಗೊತ್ತಿತ್ತು.

ಕಡಲು ಯಾರಪ್ಪನದೂ ಅಲ್ಲ

ರಿಸಾರ್ಟಿನವರು ಜಾಹೀರಾತಿನಲ್ಲಿ ‘ಖಾಸಗಿ ಬೀಚ್’ ಎಂದು ಹಾಕುವುದುಂಟು. ಓದಿದವರು ಮರುಳಾಗುತ್ತಾರೆ. ಉಬ್ಬರದ ಗೆರೆಗೂ ಇಳಿತದ ಗೆರೆಗೂ ನಡುವಿನ ಮರಳು ಯಾವ ಹೋಟೆಲಿನ ಸ್ವತ್ತೂ ಅಲ್ಲ. ಕರಾವಳಿ ನಿಯಂತ್ರಣ ವಲಯದ ನಿಯಮ ಮೊದಲು ಬಂದದ್ದು 1991ರ ಫೆಬ್ರವರಿಯಲ್ಲಿ. ಆಮೇಲೆ 2011ರಲ್ಲಿ, 2019ರಲ್ಲಿ ಬದಲಾಯಿತು. ಕಡಲ ತಡಿಯ ಎರಡು ಹೋಟೆಲುಗಳ ನಡುವೆ ಜನ ಬೀಚಿಗೆ ಹೋಗಲು ಕನಿಷ್ಠ 20 ಮೀಟರ್ ಅಗಲದ ಜಾಗ ಬಿಡಬೇಕು ಎಂದು 2011ರ ಅಧಿಸೂಚನೆಯಲ್ಲೇ ಬರೆದಿದೆ.

ಆದ್ದರಿಂದ ತಿಳಿಯಬೇಕಾದ್ದು ಇಷ್ಟು. 47 ಸಾವಿರ ಕೊಟ್ಟವನ ಕಾಲಿಗೆ ತಾಗುವ ಅಲೆಯೇ, ಪೇಟೆಯ ಲಾಡ್ಜಿನಲ್ಲಿ ಸಾವಿರದೈನೂರರ ಕೋಣೆ ಹಿಡಿದು ಬಂದವನ ಕಾಲಿಗೂ ತಾಗುತ್ತದೆ. ಅಲೆಗೆ ಸ್ಟಾರ್ ಇಲ್ಲ, ಜಿಎಸ್‌ಟಿ ಇಲ್ಲ.

ಅಪಾಯದಲ್ಲೂ ಅಲೆಗೆ ಬಡವ ಬಲ್ಲಿದ ಎಂಬ ಭೇದವಿಲ್ಲ.

ಕೆರೆ ಬೇರೆ, ಕಡಲು ಬೇರೆ

2024ರ ಡಿಸೆಂಬರ್ 10. ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ಮಕ್ಕಳು ಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಬಂದಿದ್ದರು. ಸಮುದ್ರಕ್ಕಿಳಿದವರಲ್ಲಿ ನಾಲ್ವರು ಹೆಣ್ಣುಮಕ್ಕಳು ವಾಪಸ್ ಬರಲಿಲ್ಲ. ಮುಳಬಾಗಿಲು ಎಂದರೆ ಬೇರೆ ಸೀಮೆಯಲ್ಲ. ಅದೇ ಕೆಂಪು ಮಣ್ಣು, ಅದೇ ರಾಗಿ, ಅದೇ ಬತ್ತಿದ ಕೆರೆ. ಆ ಮಕ್ಕಳ ಜಾಗದಲ್ಲಿ ದೊಡ್ಡಬೆಳವಂಗಲದ ಮಕ್ಕಳೂ ಇರಬಹುದಾಗಿತ್ತು.

ಬಯಲುಸೀಮೆಯವರ ಕಷ್ಟ ಧೈರ್ಯ ಸಾಲದೇ ಬರುವುದಲ್ಲ, ತಿಳಿವಳಿಕೆ ಇಲ್ಲದೇ ಬರುವುದು. ಇಲ್ಲಿನವರಿಗೆ ಗೊತ್ತಿರುವ ನೀರು ಕೆರೆಯ ನೀರು, ಬಾವಿಯ ನೀರು. ಅದು ನಿಂತಲ್ಲೇ ನಿಲ್ಲುತ್ತದೆ. ಮೊಣಕಾಲುದ್ದ ಇದ್ದರೆ ಸಂಜೆಯವರೆಗೂ ಮೊಣಕಾಲುದ್ದವೇ. ಕಡಲಿನ ನೀರಿಗೆ ಆ ನಿಯತ್ತಿಲ್ಲ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಬೆಳಿಗ್ಗೆ ನಡೆದಾಡಿದ ಜಾಗ ಮಧ್ಯಾಹ್ನಕ್ಕೆ ಆಳ. ಉಬ್ಬರದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುವುದರಿಂದ ನಿನ್ನೆಯ ಲೆಕ್ಕ ಇವತ್ತಿಗೆ ಬಾರದು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರವೂ ಜಾಸ್ತಿ, ಇಳಿತವೂ ಜಾಸ್ತಿ. ಮದುವೆಗೆ, ಮನೆ ಒಕ್ಕಲಿಗೆ ಪಂಚಾಂಗ ತೆಗೆಯುವವರು ಕಡಲಿಗೆ ಹೋಗುವಾಗಲೂ ಒಂದು ಸಲ ತೆಗೆದು ನೋಡಿದರೆ ನಷ್ಟವಿಲ್ಲ.

ಎಲ್ಲಕ್ಕಿಂತ ದೊಡ್ಡ ಮೋಸ ವಾಪಸ್ ಸೆಳವಿನದು. ಅಲೆಗಳು ಒಂದರ ಹಿಂದೊಂದು ನೀರನ್ನು ದಡಕ್ಕೆ ತಂದು ಸುರಿಯುತ್ತವೆ. ಆ ನೀರು ಎಲ್ಲಾದರೂ ವಾಪಸ್ ಹೋಗಬೇಕಲ್ಲ? ಮರಳಿನ ದಿಬ್ಬದ ನಡುವೆ ತಗ್ಗಾದ ಕಡೆ ಕಾಲುವೆ ಮಾಡಿಕೊಂಡು ರಭಸವಾಗಿ ಒಳಕ್ಕೆ ಹರಿಯುತ್ತದೆ. ಮೇಲಿಂದ ನೋಡಿದರೆ ಆ ಜಾಗದಲ್ಲಿ ಅಲೆ ಮುರಿಯುವುದಿಲ್ಲ, ನೊರೆ ಕಡಿಮೆ, ಸಮಾಧಾನವಾಗಿ ಕಾಣುತ್ತದೆ. ಕೆರೆ ನೋಡಿ ಬೆಳೆದ ಕಣ್ಣಿಗೆ ‘ಇಲ್ಲಿ ನೀರು ತಣ್ಣಗಿದೆ, ಮಕ್ಕಳನ್ನು ಇಲ್ಲೇ ಇಳಿಸೋಣ’ ಅನ್ನಿಸುತ್ತದೆ. ಮೃತ್ಯು ಇರುವುದು ಅಲ್ಲೇ.

ಸೆಳವಿಗೆ ಸಿಕ್ಕವನು ದಡದ ಕಡೆಗೇ ಈಜಲು ಹೋಗುತ್ತಾನೆ. ನೀರು ಎದುರು ತಳ್ಳುತ್ತದೆ, ತೋಳು ಸೋಲುತ್ತದೆ, ಮುಳುಗುತ್ತಾನೆ. ಬಲ್ಲವರು ಹೇಳುವುದು ಬೇರೆ: ಎದುರು ಈಜಬೇಡ, ದಡಕ್ಕೆ ಸಮಾನಾಂತರವಾಗಿ, ಅಡ್ಡಕ್ಕೆ ಈಜು. ಸೆಳವಿನ ಕಾಲುವೆ ಅಗಲವಿಲ್ಲ, ಬೇಗ ದಾಟಬಹುದು. ಈಜು ಬಾರದಿದ್ದರೆ ಅಂಗಾತ ತೇಲಿ ಕೈ ಎತ್ತಿ ಕರೆ. ಮುಳುಗುವವನನ್ನು ಎಳೆಯಲು ಈಜು ಬಾರದ ಅಪ್ಪ, ಚಿಕ್ಕಪ್ಪ, ಮೇಷ್ಟ್ರು ನೀರಿಗೆ ಹಾರಬಾರದು. ಹಾರಿದರೆ ಒಂದು ಹೆಣದ ಜಾಗದಲ್ಲಿ ಎರಡು. ಹಗ್ಗ, ಟ್ಯೂಬು, ಖಾಲಿ ಕ್ಯಾನು ಏನು ಸಿಕ್ಕರೆ ಅದು ಎಸೆದು, ಜೀವರಕ್ಷಕರನ್ನು ಕೂಗಬೇಕು, 112ಕ್ಕೆ ಫೋನ್ ಮಾಡಬೇಕು.

ಕೆಂಪು ಬಾವುಟ ಕಂಡರೆ ನೀರಿಗೆ ಇಳಿಯಲೇಬಾರದು. ಕೆಂಪು ಹಳದಿ ಬಾವುಟ ನೆಟ್ಟ ಕಡೆ, ಆ ಎರಡು ಬಾವುಟಗಳ ನಡುವೆ ಮಾತ್ರ ಇಳಿಯಬೇಕು, ಅಲ್ಲಿ ಕಾವಲಿದೆ ಎಂದರ್ಥ. ಕುಡಿದವರು ದಡದಲ್ಲೇ ಕೂರಲಿ. ಗೋಕರ್ಣದ ಕಡೆ ಪಾಚಿ ಕಟ್ಟಿದ ಬಂಡೆಯ ತುದಿಗೆ ಹೋಗಿ ಫೋಟೋ ಹಿಡಿಯುವ ಚಾಳಿಯನ್ನು ಊರಲ್ಲೇ ಬಿಟ್ಟು ಹೋಗಲಿ.

ಈಗ ರಿಸಾರ್ಟಿನ ಜಾಹೀರಾತನ್ನು ಮತ್ತೊಮ್ಮೆ ಓದಿ ನೋಡಿ. ಗಾಲ್ಫ್ ಹುಲ್ಲಿನ ಮೇಲೆ ಬೂಟುಗಾಲಿನವರು ಹೋಗದಂತೆ ಕಾವಲುಗಾರ. ಆಟ ಕಲಿಸಲು ಕೋಚು. ಚೆಂಡು ಹುಡುಕಲು ಹುಡುಗ. ಅಲೆಯ ಮುಂದೆ? ‘ಸ್ವಂತ ಜವಾಬ್ದಾರಿಯ ಮೇಲೆ ನೀರಿಗಿಳಿಯತಕ್ಕದ್ದು’ ಎಂಬ ಒಂದು ಬೋರ್ಡು. ಹುಲ್ಲಿನ ಬೆಲೆ ಗೊತ್ತಿದ್ದವರಿಗೆ ಜೀವದ ಬೆಲೆ ಗೊತ್ತಿಲ್ಲವೇ? ಎಲ್ಲ ಕಡೆ ಹೀಗಿದೆ ಎಂದಲ್ಲ. ಜೀವರಕ್ಷಕರನ್ನು ಇಟ್ಟ ಒಳ್ಳೆಯ ಹೋಟೆಲುಗಳೂ ಇವೆ. ಯಾವುದು ಯಾವ ಥರದ್ದು ಎಂದು ಮುಂಗಡ ಕಟ್ಟುವ ಮುಂಚೆ ಕೇಳಿ ತಿಳಿಯುವುದು ಮನೆಯ ಯಜಮಾನನ ಕೆಲಸ.

ಯಾವಾಗ ಹೋಗಬೇಕು?

ಜೂನ್, ಜುಲೈ, ಆಗಸ್ಟ್ ಬೇಡ. ‘ಮಳೆಗಾಲದ ಕೊಡುಗೆ, ಅರ್ಧ ಬೆಲೆ’ ಎಂದು ಮೊಬೈಲಿಗೆ ಮೆಸೇಜ್ ಬರುವುದು ಆಗಲೇ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ. ಮೀನಿನ ಸಂತಾನ ಬೆಳೆಯಲಿ ಎಂಬುದು ಒಂದು ಕಾರಣ, ಕಡಲು ಹುಚ್ಚೆದ್ದಿರುತ್ತದೆ ಎಂಬುದು ಇನ್ನೊಂದು. ಕಡಲಲ್ಲೇ ಹುಟ್ಟಿ ಬೆಳೆದ ಮೊಗವೀರರು, ಖಾರ್ವಿಗಳು ದೋಣಿಯನ್ನು ದಡಕ್ಕೆಳೆದು ಬಲೆ ನೇಯುತ್ತಾ ಕೂತಿರುವಾಗ ದೊಡ್ಡಬಳ್ಳಾಪುರ ತಾಲ್ಲೂಕಿನವರು ಅರ್ಧ ಬೆಲೆಗೆ ಸಿಕ್ಕಿತೆಂದು ಹೋಗಿ ಇಳಿಯುವುದು ಯಾವ ಜಾಣತನ?

ದಾರಿಯೂ ಆಗ ಸರಿಯಿರುವುದಿಲ್ಲ. 2024ರ ಜುಲೈ 16ರಂದು ಅಂಕೋಲ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡವೇ ಕುಸಿಯಿತು. ರಸ್ತೆ ಬದಿ ಚಹಾ ಅಂಗಡಿ ಇಟ್ಟುಕೊಂಡಿದ್ದ ಸಂಸಾರವೂ, ಲಾರಿಯವರೂ ಮಣ್ಣು ಪಾಲಾದರು. ಅದೇ ತಿಂಗಳು ಸಕಲೇಶಪುರದ ಬಳಿ ಶಿರಾಡಿ ಘಾಟಿಯ ದಾರಿಯಲ್ಲೂ ಮಣ್ಣು ಜಾರಿ ಗಾಡಿಗಳು ನಿಂತವು.

ಏಪ್ರಿಲ್, ಮೇ ಮಕ್ಕಳಿಗೆ ರಜ ಸಿಗುವ ಕಾಲವೇನೋ ಹೌದು. ಆದರೆ ಕರಾವಳಿಯ ಸೆಕೆ ಎಂದರೆ ಎಂಟುನೂರು ಮೀಟರಿಗೂ ಎತ್ತರದ ಸೀಮೆಯವರಿಗೆ ತಡೆಯುವಂಥದ್ದಲ್ಲ. ಮುದುಕರನ್ನೂ ಎಳೆಗೂಸುಗಳನ್ನೂ ಕರೆದುಕೊಂಡು ಹೋದರೆ ದಿನವೆಲ್ಲ ಫ್ಯಾನಿನ ಕೆಳಗೇ ಕೂರಬೇಕು. ಮೇ ಕೊನೆಗೆ ಕಡಲೂ ಕೆರಳಲು ಶುರುವಾಗುತ್ತದೆ.

ಉಳಿದದ್ದು ದಸರಾ ರಜ, ಮತ್ತೆ ನವೆಂಬರಿನಿಂದ ಫೆಬ್ರವರಿ. ಬಿಸಿಲು ಹಿತ, ಕಡಲು ಶಾಂತ. ಸಂಕ್ರಾಂತಿ ಹೊತ್ತಿಗೆ ರಾಗಿ ಕೊಯ್ದು ಕಣ ಮುಗಿದು ಕೈ ಖಾಲಿ. ಗಣರಾಜ್ಯೋತ್ಸವ ಶುಕ್ರವಾರಕ್ಕೋ ಸೋಮವಾರಕ್ಕೋ ಬಿದ್ದರೆ ಮಕ್ಕಳಿಗೂ ಮೂರು ದಿನ ಸಿಗುತ್ತದೆ. ಆದರೆ ನೆನಪಿರಲಿ, ಶಾಂತ ಕಡಲೂ ಕಡಲೇ. ಮುರುಡೇಶ್ವರದ ದುರಂತ ನಡೆದದ್ದು ಡಿಸೆಂಬರಿನಲ್ಲಿ.

ಮೂರು ದಿನ ಎನ್ನುವಾಗಲೇ ಮನೆಯಾಕೆ ಕೇಳುವ ಪ್ರಶ್ನೆ ಒಂದಿದೆ: ‘ಹಸು ಕರೆಯೋರು ಯಾರು?’ ಎರಡು ಸೀಮೆಹಸು ಕಟ್ಟಿದ ಮನೆಗೆ ರಿಸಾರ್ಟಿನ ಯಾವ ಪ್ಯಾಕೇಜೂ ಉತ್ತರ ಕೊಡುವುದಿಲ್ಲ. ಅಕ್ಕಪಕ್ಕದ ಎರಡು ಮನೆಯವರು ಸರದಿ ಮೇಲೆ ಹೋಗುವುದು, ಇವರ ಹಸು ಅವರು, ಅವರ ಹಸು ಇವರು ನೋಡಿಕೊಳ್ಳುವುದು. ಇದಕ್ಕಿಂತ ಒಳ್ಳೆಯ ಉಪಾಯ ಇನ್ನೂ ಯಾರೂ ಕಂಡುಹಿಡಿದಿಲ್ಲ.

ಎಲ್ಲಿಗೆ, ಹೇಗೆ?

ಕರ್ನಾಟಕಕ್ಕೆ ಸುಮಾರು 320 ಕಿ.ಮೀ. ಕಡಲ ತೀರ ಇದೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ. ಆರಿಸಲು ಬರಗಾಲವೇನೂ ಇಲ್ಲ. ಉಡುಪಿ ಜಿಲ್ಲೆಯ ಪಡುಬಿದ್ರಿ, ಹೊನ್ನಾವರದ ಕಾಸರಕೋಡು, ಈ ಎರಡು ಬೀಚುಗಳಿಗೆ 2020ರಲ್ಲಿ ‘ಬ್ಲೂ ಫ್ಲಾಗ್’ ಎಂಬ ಅಂತರರಾಷ್ಟ್ರೀಯ ಮನ್ನಣೆ ಬಂತು. ನೀರು ಶುದ್ಧವಿರಬೇಕು, ಶೌಚಾಲಯ ಇರಬೇಕು, ಬಟ್ಟೆ ಬದಲಿಸಲು ಕೋಣೆ ಇರಬೇಕು, ಜೀವರಕ್ಷಕರು ಇರಬೇಕು, ಹೀಗೆ 33 ಷರತ್ತು. ಬೀಚಿನಲ್ಲಿ ಒದ್ದೆ ಸೀರೆ ಬದಲಿಸಲು ಜಾಗ ಇಲ್ಲದೆ ಬಸ್ಸಿನ ಮರೆ ಹುಡುಕಿದ ಹೆಣ್ಣುಮಕ್ಕಳಿಗೆ ಆ ಕೋಣೆಯ ಬೆಲೆ ಗೊತ್ತು, ಗಾಲ್ಫ್ ಮೈದಾನಕ್ಕಿಂತ ಎಷ್ಟೋ ಪಾಲು ಹೆಚ್ಚು.

ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಕಂಬ ಕಂಬವಾಗಿ ನಿಂತ ಕಲ್ಲು ನೋಡಬಹುದು. ಮಳೆಗಾಲದಲ್ಲಿ ಆ ದೋಣಿ ಇಲ್ಲ. ಕಾಪುವಿನಲ್ಲಿ 1901ರ ದೀಪಸ್ತಂಭ. ಮರವಂತೆಯಲ್ಲಿ ರಸ್ತೆಯ ಒಂದು ಬದಿ ಸೌಪರ್ಣಿಕಾ ಹೊಳೆ, ಇನ್ನೊಂದು ಬದಿ ಕಡಲು. ಇವಕ್ಕೆಲ್ಲ ರಿಸಾರ್ಟಿನ ಬಿಲ್ಲು ಬೇಕಿಲ್ಲ. ಊಟಕ್ಕೆ ಕರಾವಳಿಯ ಸಣ್ಣ ಹೋಟೆಲು, ಕುಚ್ಚಲಕ್ಕಿ ಅನ್ನ, ತಿನ್ನುವವರಿಗೆ ಮೀನು, ತಿನ್ನದವರಿಗೆ ಸಾರು ಪಲ್ಯ. ಮುದ್ದೆ ಇಲ್ಲದೆ ಮೂರು ದಿನ ಹೇಗೆ ಎನ್ನುವ ಅಜ್ಜಂದಿರು ರಾಗಿ ಹಿಟ್ಟಿನ ಗಂಟು ಕಟ್ಟಿಕೊಳ್ಳಲಿ.

ಪ್ರಯಾಣದಲ್ಲೂ ಉಳಿತಾಯ ಇದೆ. 2023ರ ಜೂನ್ 11ರಿಂದ ಬಂದ ಶಕ್ತಿ ಯೋಜನೆಯಂತೆ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಕೆಂಪು ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಬೆಂಗಳೂರಿನಿಂದ ಮಂಗಳೂರಿಗಾಗಲಿ ಕಾರವಾರಕ್ಕಾಗಲಿ ಅಜ್ಜಿ, ತಾಯಿ, ಮಗಳು ಗುರುತಿನ ಚೀಟಿ ತೋರಿಸಿದರೆ ಸಾಕು. ರಾಜಹಂಸ, ಸ್ಲೀಪರ್, ಏಸಿ ಬಸ್ಸಿಗೆ ಅದು ನಡೆಯದು. ರಾಜ್ಯದ ಗಡಿ ದಾಟುವ ಗೋವಾ ಬಸ್ಸಿಗೂ ನಡೆಯದು. ದೊಡ್ಡಬಳ್ಳಾಪುರದ ರೈಲು ನಿಲ್ದಾಣ ಹಿಂದೂಪುರದ ಕಡೆಗೆ ಹೋಗುವ ದಾರಿಯದು, ಕಡಲ ಕಡೆಗೆ ಅಲ್ಲಿಂದ ನೇರ ದಾರಿಯಿಲ್ಲ. ಬೆಂಗಳೂರಿಗೆ ಹೋಗಿ ರಾತ್ರಿಯ ಪಂಚಗಂಗಾ ಎಕ್ಸ್‌ಪ್ರೆಸ್ ಹಿಡಿದರೆ ಉಡುಪಿ, ಮುರುಡೇಶ್ವರ, ಗೋಕರ್ಣ ರಸ್ತೆ, ಕಾರವಾರ. 2024ರ ನವೆಂಬರಿನಿಂದ ಟಿಕೆಟ್ ಕಾಯ್ದಿರಿಸುವುದು 60 ದಿನ ಮುಂಚೆ ಮಾತ್ರ. ದಿನ ಎಣಿಸಿಟ್ಟುಕೊಳ್ಳಬೇಕು. ನಾಲ್ಕು ಸಂಸಾರ ಕೂಡಿ ವ್ಯಾನು ಮಾಡಿಕೊಳ್ಳುವವರಿಗೆ ಡಾಬಸ್‌ಪೇಟೆಗೆ ಹೋಗಿ ತುಮಕೂರು, ಶಿವಮೊಗ್ಗ, ಸಾಗರದ ಮೇಲೆ ಹೊನ್ನಾವರಕ್ಕೆ ಇಳಿಯುವ ದಾರಿ ಇದ್ದೇ ಇದೆ. ರಾತ್ರಿಯೆಲ್ಲ ಗಾಡಿ ಓಡಿಸಿದ ಡ್ರೈವರನ್ನು ಬೆಳಿಗ್ಗೆ ಘಾಟಿಗೆ ಹತ್ತಿಸಬೇಡಿ, ಅಷ್ಟೇ.

ಸದಸ್ಯತ್ವದ ಬಲೆ

ಇನ್ನೊಂದು ಥರದ ಸೆಳವು ದಡದ ಮೇಲೆಯೇ ಇದೆ. ಮಾಲಿನಲ್ಲೋ ಪೆಟ್ರೋಲ್ ಬಂಕಿನಲ್ಲೋ ಒಂದು ಚೀಟಿ ತುಂಬಿಸಿಕೊಳ್ಳುತ್ತಾರೆ. ವಾರ ಕಳೆದ ಮೇಲೆ ‘ಸಾರ್, ನಿಮಗೆ ಬಹುಮಾನ ಬಂದಿದೆ, ಗಂಡ ಹೆಂಡತಿ ಇಬ್ಬರೂ ಬನ್ನಿ’ ಎಂದು ಫೋನು. ಹೋದರೆ ಏಸಿ ಕೋಣೆ, ತಂಪು ಪಾನೀಯ, ಎರಡು ಗಂಟೆ ಉಪದೇಶ. ‘ಒಂದು ಸಲ ಕಟ್ಟಿ, ಇಪ್ಪತ್ತೈದು ವರ್ಷ ಬೀಚು, ಗಾಲ್ಫು, ಬೆಟ್ಟ ಎಲ್ಲ ನಿಮ್ಮದೇ. ಇವತ್ತೇ ಸಹಿ ಹಾಕಿದರೆ ಮಾತ್ರ ಈ ಬೆಲೆ.’ ಸಹಿ ಆಯಿತು, ಕಾರ್ಡು ಉಜ್ಜಿದ್ದಾಯಿತು. ಆಮೇಲೆ ರಜದ ದಿನ ಕೇಳಿದರೆ ಕೋಣೆ ಖಾಲಿ ಇಲ್ಲ, ವರ್ಷ ವರ್ಷ ನಿರ್ವಹಣಾ ಶುಲ್ಕ ಮಾತ್ರ ತಪ್ಪುವುದಿಲ್ಲ.

ಇಂದೇ ಸಹಿ ಹಾಕಿ ಎನ್ನುವವನಿಗೆ ನಾಳೆ ಬಾ ಎನ್ನುವುದು ಅಂಗಡಿಯವರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಸಾಲಕ್ಕೆ ಬಂದ ಗಿರಾಕಿಗೆ ದಿನವೂ ಅದನ್ನೇ ಹೇಳುತ್ತಾರೆ. ಮೋಸ ಹೋದವರು 1915 ಎಂಬ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರವಾದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಲು ಶುಲ್ಕವೂ ಇಲ್ಲ. ರಸೀದಿ, ಕರಾರುಪತ್ರ, ಮೆಸೇಜು ಎಲ್ಲ ಜೋಪಾನವಾಗಿಡಬೇಕು.

ಆಗಬೇಕಾದ್ದೇನು?

ಬುದ್ಧಿವಾದ ಬರೀ ಪ್ರವಾಸಿಗರಿಗೆ ಹೇಳಿ ಕೈ ತೊಳೆಯುವುದು ನ್ಯಾಯವಲ್ಲ. ಸರ್ಕಾರ ಬೀಚ್ ಪ್ರವಾಸೋದ್ಯಮ ಎಂದಾಗಲೆಲ್ಲ ಕಣ್ಣ ಮುಂದೆ ಬರುವುದು ದುಬಾರಿ ರಿಸಾರ್ಟು. ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್ ಕೂಡ ಕಾರವಾರದ ದೇವಬಾಗದಲ್ಲಿ ಕಡಲ ತಡಿಯ ರಿಸಾರ್ಟ್ ಕಟ್ಟಿದೆ. ಬೇಡ ಎನ್ನುವವರಿಲ್ಲ. ಅದರ ಜೊತೆ ಧರ್ಮಸ್ಥಳದ ಛತ್ರದಂಥ ಅಗ್ಗದ, ಚೊಕ್ಕಟವಾದ ಯಾತ್ರಿ ನಿವಾಸ ಕಡಲ ತಡಿಯ ಊರಿಗೊಂದು ಬೇಡವೇ?

ದೊಡ್ಡಬಳ್ಳಾಪುರ ಡಿಪೋದಿಂದ ದಸರೆಗೆ, ಸಂಕ್ರಾಂತಿಗೆ, ವಾರಕ್ಕೊಂದಾದರೂ ಕರಾವಳಿಗೆ ನೇರ ಬಸ್ಸು ಬಿಟ್ಟರೆ ಈ ಹೋಬಳಿಗಳ ಜನ ಮೆಜೆಸ್ಟಿಕ್‌ನಲ್ಲಿ ಗಂಟು ಮೂಟೆ ಹೊತ್ತು ಅಲೆಯುವುದು ತಪ್ಪುತ್ತದೆ. ಜನ ಹತ್ತುವರೋ ಇಲ್ಲವೋ ಎಂಬ ಅನುಮಾನವಿದ್ದರೆ ಒಂದು ಹಂಗಾಮು ಬಿಟ್ಟು ನೋಡಲಿ.

ಜನ ಇಳಿಯುವ ಪ್ರತಿ ಬೀಚಿನಲ್ಲಿ ಬೆಳಗಿನಿಂದ ಸಂಜೆವರೆಗೆ ಜೀವರಕ್ಷಕರು ಇರಬೇಕು, ಬಾವುಟ ಇರಬೇಕು, ಕನ್ನಡದಲ್ಲಿ ಬೋರ್ಡು ಇರಬೇಕು. ಜೀವರಕ್ಷಕರಾಗಿ ನಿಲ್ಲುವವರು ಹೆಚ್ಚಾಗಿ ಮೀನುಗಾರರ ಮಕ್ಕಳು. ಅವರಿಗೆ ಗುತ್ತಿಗೆಯ ಚಿಲ್ಲರೆ ಸಂಬಳ ಕೊಟ್ಟು, ಬೈನಾಕ್ಯುಲರ್ ಕೊಡದೆ, ದೋಣಿ ಕೊಡದೆ ಜೀವ ಉಳಿಸು ಎಂದರೆ ಹೇಗೆ? ಶಾಲೆಯವರು ಸಮುದ್ರಕ್ಕೆ ಪ್ರವಾಸ ಒಯ್ಯುವಾಗ ಜೀವರಕ್ಷಕರಿರುವ ಬೀಚಿಗೇ ಒಯ್ಯಬೇಕು, ಹೋಗುವ ಹಿಂದಿನ ದಿನ ಮಕ್ಕಳಿಗೆ ಸೆಳವಿನ ಪಾಠ ಒಂದು ಪೀರಿಯಡ್ ಆಗಬೇಕು.

ಕೊನೆಯದು, ಎಲ್ಲಕ್ಕೂ ದೊಡ್ಡದು. ಈಜು. ಕೆರೆಗಳು ಬತ್ತಿದ ಮೇಲೆ ಈ ಕಡೆಯ ಒಂದು ಇಡೀ ತಲೆಮಾರು ಈಜು ಕಲಿಯದೆ ಬೆಳೆದಿದೆ. ಹಿಂದೆ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ ಬಾವಿಗೆ ತಳ್ಳುತ್ತಿದ್ದ ಮಾವಂದಿರು ಈಗ ಇಲ್ಲ, ಬಾವಿಗಳಲ್ಲಿ ನೀರೂ ಇಲ್ಲ. ಆದರೆ ಹೊಲ ಹೊಲದಲ್ಲಿ ಟಾರ್ಪಾಲು ಹಾಸಿದ ಕೃಷಿ ಹೊಂಡ ಬಂದಿವೆ, ಕಾಲು ಜಾರಿದರೆ ಹಿಡಿಯಲು ಅಂಚಿಲ್ಲ. ಸಮುದ್ರಕ್ಕೆ ಹೋಗದ ಮಗುವಿಗೂ ಈಜು ಬೇಕು. ತಾಲ್ಲೂಕು ಆಡಳಿತ, ಕ್ರೀಡಾ ಇಲಾಖೆ, ಗ್ರಾಮ ಪಂಚಾಯಿತಿ ಮೂರೂ ಸೇರಿ ಹೋಬಳಿಗೊಂದು ಸಣ್ಣ ಕೊಳ, ಒಬ್ಬ ಕಲಿಸುವವ, ಹೆಣ್ಣುಮಕ್ಕಳಿಗೆ ಬೇರೆ ಹೊತ್ತು ಎಂದು ಮಾಡಿದರೆ ನೂರಾರು ಮನೆಯ ದೀಪ ಉಳಿಯುತ್ತದೆ. ನಂದಿ ತಪ್ಪಲಲ್ಲಿ ಗಾಲ್ಫ್ ಹುಲ್ಲಿಗೆ ಸಿಗುವ ನೀರು ಮಕ್ಕಳ ಈಜಿಗೆ ಸಿಗದೇ?

ಈ ಸಲದ ರಜಕ್ಕೆ ಸಂಸಾರ ಸಮೇತ ಹೊರಟವರು ಹೋಗಿಬರಲಿ. ಮಕ್ಕಳು ಮರಳಲ್ಲಿ ಗೂಡು ಕಟ್ಟಲಿ, ಅಜ್ಜಿ ಪಾದ ನೆನೆಸಲಿ, ಯಜಮಾನ ಒಂದು ದಿನವಾದರೂ ಅಂಗಡಿಯ ಲೆಕ್ಕ ಮರೆಯಲಿ. ಮುಂಗಡ ಕಟ್ಟುವ ಮುಂಚೆ ಫೋನಿನಲ್ಲಿ ಒಂದೇ ಒಂದು ಪ್ರಶ್ನೆ ಕೇಳಲಿ: ‘ಸ್ವಾಮಿ, ನಿಮ್ಮ ಬೀಚಿನಲ್ಲಿ ಲೈಫ್ ಗಾರ್ಡ್ ಇದ್ದಾರಾ?’ ಇದ್ದಾರೆ ಎಂದರೆ ಮುಂದಿನ ಮಾತು. ಗಾಲ್ಫ್ ಇದೆ ಸಾರ್ ಎಂದರೆ ಫೋನ್ ಇಡಬಹುದು.

ಉಳಿದದ್ದಕ್ಕೆ ಸಂಬಂಧಪಟ್ಟವರು ಕಣ್ತೆರೆಯಬೇಕು. ಇನ್ನೊಂದು ಮುರುಡೇಶ್ವರ ಆಗುವ ಮುಂಚೆ ತೆರೆದರೆ ಒಳ್ಳೆಯದು.